ಎರಿ ಮಣ್ಣಿನ ಊರಿಗೆ ಎಂಥ ಸೈಕಲ್ ಬೇಕು, ಚೈನು ಯಾವಾಗ ಬದಲಿಸಬೇಕು? ಇಲ್ಲಿದೆ ಪೂರ್ಣ ಮಾಹಿತಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಸೈಕಲ್ ಅಂದ್ರೆ ಮೊದಲು ನೆನಪಾಗೋದು ಜಾತ್ರೆಯ ಶರ್ಯತ್ತು. ಬಾಗಲಕೋಟೆ, ವಿಜಯಪುರ ಜಿಲ್ಲೆಯ ಹುಡುಗ-ಹುಡುಗಿಯರು ಸೈಕ್ಲಿಂಗ್‌ನಲ್ಲಿ ರಾಷ್ಟ್ರಮಟ್ಟಕ್ಕೆ ಹೋಗಿ ಪದಕ ತಂದಿದ್ದಾರೆ. ಆದರೆ ಶರ್ಯತ್ತಿನ ಸೈಕಲ್ಲುಗಳಿಗಿಂತ ದಿನಾ ಮಗ್ಗಕ್ಕೆ, ಹೊಲಕ್ಕೆ, ಶಾಲೆಗೆ, ಸಂತೆಗೆ ಓಡುವ ಸೈಕಲ್ಲುಗಳೇ ನಮ್ಮಲ್ಲಿ ಹೆಚ್ಚು. ಅವುಗಳ ಆರೈಕೆ ಮಾತ್ರ ಕಡಿಮೆ.

‘ಸೈಕಲ್ಲಿಗೇನ್ ಖರ್ಚು, ಪೆಟ್ರೋಲ್ ಹಾಕಬೇಕಾ?’ ಅನ್ನೋರು ಬಹಳ ಮಂದಿ. ಖರ್ಚು ಇದೆ, ಅದು ಚೈನಿನಲ್ಲಿದೆ. ಸವೆದ ಚೈನು ತನ್ನ ಜೊತೆ ಹಿಂದಿನ ಫ್ರೀವೀಲನ್ನೂ ಮುಂದಿನ ಹಲ್ಲುಚಕ್ರವನ್ನೂ ತಿಂದು ಹಾಕುತ್ತದೆ. ಒಂದು ಚೈನಿನಲ್ಲಿ ಮುಗಿಯುವ ಕೆಲಸಕ್ಕೆ ಮೂರು ಸಾಮಾನು ಕೊಳ್ಳುವ ಪಾಳಿ ಬರುತ್ತದೆ. ಇನ್ನು ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಬರುತ್ತಿರುವಾಗ ಏರಿನಲ್ಲಿ ಎದ್ದುನಿಂತು ತುಳಿದಾಗ ಚೈನು ಜಿಗಿದರೆ ಆಗುವ ಅನಾಹುತವೇ ಬೇರೆ.

ಯಾವ ಸೈಕಲ್ ತಗೋಬೇಕು?

ಅಂಗಡಿ ಮುಂದೆ ಸಾಲಾಗಿ ನಿಂತಿರುವ ದಪ್ಪ ಟಾಯರಿನ, ಎರಡೂ ಕಡೆ ಶಾಕ್ ಅಬ್ಸಾರ್ಬರ್ ಇರುವ ಗೇರ್ ಸೈಕಲ್ಲುಗಳು ಹುಡುಗರ ಕಣ್ಣಿಗೆ ಚಂದ. ಕಡಿಮೆ ಬೆಲೆಯ ಅಂಥ ಸೈಕಲ್ಲುಗಳಲ್ಲಿ ತೂಕ ಜಾಸ್ತಿ. ಪ್ರತಿ ಸಲ ತುಳಿದಾಗಲೂ ಒಂದಿಷ್ಟು ಶಕ್ತಿ ಆ ಸ್ಪ್ರಿಂಗು ಕುಣಿಸೋದಕ್ಕೇ ಹೋಗುತ್ತದೆ. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದರೆ ಎರಿ ಮಣ್ಣು ಹಿಂದಿನ ಗೇರಿನ ಸಣ್ಣ ಗಾಲಿಗಳಿಗೆ ಮೆತ್ತಿಕೊಂಡು ಚೈನು ತಿರುಗೋದೇ ಇಲ್ಲ. ಆ ಸ್ಥಿತಿಯಲ್ಲಿ ಜೋರಾಗಿ ತುಳಿದರೆ ಗೇರಿನ ಕೊಂಡಿ ಬಾಗುತ್ತದೆ, ಕೆಲವೊಮ್ಮೆ ಕಡ್ಡಿಗಳಿಗೂ ಸಿಕ್ಕಿಕೊಳ್ಳುತ್ತದೆ.

ರಬಕವಿ, ಬನಹಟ್ಟಿ, ರಾಂಪುರ, ಹೊಸೂರು ಎಲ್ಲ ಒಂದೇ ನಗರಸಭೆಯೊಳಗೆ ಇರುವ ಊರುಗಳು. ಇಲ್ಲಿ ಮನೆಯಿಂದ ಮಗ್ಗಕ್ಕೆ, ಮಗ್ಗದಿಂದ ನೂಲಿನ ಅಂಗಡಿಗೆ ಓಡಾಡೋರಿಗೆ ಗೇರೇ ಬೇಡ. 28 ಇಂಚಿನ ಗಾಲಿ, ಚೈನ್ ಕವರು, ಉದ್ದನೆಯ ಮರ್ಗಾಡ್, ಗಟ್ಟಿ ಕ್ಯಾರಿಯರ್ ಇರುವ ಹಳೇ ಮಾದರಿಯ ಸೈಕಲ್ಲೇ ಸಾಕು. ಗಂಟೆಗೆ 15 ಕಿ.ಮೀ. ವೇಗದಲ್ಲಿ ನಿಧಾನ ತುಳಿದರೂ 5 ಕಿ.ಮೀ. ದಾರಿಗೆ 20 ನಿಮಿಷ. ನೂಲಿನ ಗಂಟು, ಸೀರೆ ಗಂಟು ಹೇರುವಾಗ ಒಂದೇ ಬದಿಗೆ ವಾಲದಂತೆ ಕಟ್ಟಬೇಕು, ಇಲ್ಲಾಂದ್ರೆ ಹಿಂದಿನ ಗಾಲಿಯ ಕಡ್ಡಿಗಳು ಒಂದೊಂದಾಗಿ ಮುರಿಯುತ್ತವೆ.

ಏರು ಇರುವ ದಾರಿಯವರು ಹಲ್ಲಿನ ಲೆಕ್ಕ ನೋಡಿ ತಗೋಬೇಕು. ಜಮಖಂಡಿಯಲ್ಲಿ ರಾಮತೀರ್ಥದ ಕಡೆ ದಿನಾ ಹತ್ತೋರಿಗೆ ಇದು ಗೊತ್ತಿರುತ್ತದೆ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ 28 ಇಂಚಿನ ಗಾಲಿಯ ಸೈಕಲ್ ಸುಮಾರು 5.4 ಮೀಟರ್ ಹೋಗುತ್ತದೆ. ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿದರೆ ಸುಮಾರು 4.5 ಮೀಟರ್. ಸಪಾಟು ರಸ್ತೆಯಲ್ಲಿ ವೇಗ ಸ್ವಲ್ಪ ಕಡಿಮೆ ಆಗುತ್ತದೆ, ಆದರೆ ಹಾಲಿನ ಕ್ಯಾನು ಕಟ್ಟಿಕೊಂಡು ಏರು ಹತ್ತುವಾಗ ಮೊಣಕಾಲು ಉಳಿಯುತ್ತದೆ. ಹೊಸ ಸೈಕಲ್ ಕೊಳ್ಳೋದಕ್ಕಿಂತ ಫ್ರೀವೀಲ್ ಬದಲಿಸೋದು ಎಷ್ಟೋ ಅಗ್ಗ.

ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರಿನಿಂದ ಊರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಕುಟುಂಬಗಳಲ್ಲಿ ಉಳಿದ ಹೊಲ ಮನೆಯಿಂದ ದೂರ ಇರೋದುಂಟು. ಅಂಥವರಿಗೆ ಗೇರ್ ಬೇಕೇ ಬೇಕು ಅನಿಸಿದರೆ ಹಿಂದೆ ಮಾತ್ರ ಗೇರ್ ಇರುವ, ಶಾಕ್ ಅಬ್ಸಾರ್ಬರ್ ಇಲ್ಲದ ಸೈಕಲ್ ನೋಡಬಹುದು. ಅದಕ್ಕೂ ಮರ್ಗಾಡ್ ಹಾಕಿಸಲೇಬೇಕು.

ಮನೆಯಲ್ಲಿ ಈಗಾಗಲೇ ಸೈಕಲ್ ಇದ್ದರೆ ಮೊದಲು ಅದನ್ನೇ ಹೊರಗೆ ತೆಗೆಯೋದು ಒಳ್ಳೇದು. ರಾಜ್ಯ ಸರ್ಕಾರ 2006-07ರಲ್ಲಿ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಕೋವಿಡ್ ಬಂದ ಮೇಲೆ ವಿತರಣೆ ನಿಂತಿತು. ಆಗ ಕೊಟ್ಟ ಸೈಕಲ್ಲುಗಳು ಎಷ್ಟೋ ಮನೆಗಳ ಪಡಸಾಲೆಯಲ್ಲಿ, ದನದ ಕೊಟ್ಟಿಗೆಯಲ್ಲಿ ಒರಗಿ ನಿಂತಿವೆ. ಫ್ರೇಮು ಸೀಳಿಲ್ಲ, ರಿಮ್ಮು ತುಕ್ಕು ತಿಂದು ತೂತಾಗಿಲ್ಲ ಅಂದ್ರೆ ಟಾಯರ್-ಟ್ಯೂಬು, ಚೈನು, ಬ್ರೇಕ್ ರಬ್ಬರ್ ಹಾಕಿಸಿದರೆ ಮತ್ತೆ ಓಡುತ್ತವೆ. ಅಟ್ಲಾಸ್ ಕಂಪನಿ 2020ರ ಜೂನ್‌ನಲ್ಲಿ ತನ್ನ ಕೊನೆಯ ಕಾರ್ಖಾನೆ ನಿಲ್ಲಿಸಿತು ಅಂತ ಹಳೇ ಅಟ್ಲಾಸನ್ನು ಗುಜರಿಗೆ ಹಾಕಬೇಕಾಗಿಲ್ಲ. ಸಾದಾ ಸೈಕಲ್ಲುಗಳ ಹೆಚ್ಚಿನ ಬಿಡಿಭಾಗ ಒಂದೇ ಅಳತೆಯವು.

ಚೈನು: ಎಣ್ಣೆ ಸುರಿಯೋದಲ್ಲ, ಒರೆಸೋದು

ಚೈನು ‘ಉದ್ದ ಆಯ್ತು’ ಅಂತಾರಲ್ಲ, ಕಬ್ಬಿಣ ರಬ್ಬರಿನ ಹಾಗೆ ಎಳೆದುಕೊಳ್ಳೋದಿಲ್ಲ. ಪ್ರತಿ ಕೊಂಡಿಯೊಳಗೆ ಇರುವ ಪಿನ್ನು, ಅದರ ಸುತ್ತಲಿನ ಕೊಳವೆ ಸವೆಯುತ್ತವೆ. ನೂರಕ್ಕೂ ಹೆಚ್ಚು ಕೊಂಡಿಗಳಲ್ಲಿ ಕೂದಲೆಳೆಯಷ್ಟು ಸವೆದರೂ ಒಟ್ಟು ಸೇರಿ ಚೈನು ಜೋತು ಬೀಳುತ್ತದೆ.

ಇದಕ್ಕೆ ಕಾರಣ ಧೂಳು. ಅಕ್ಟೋಬರ್-ನವೆಂಬರ್‌ನಲ್ಲಿ ಕಾರ್ಖಾನೆ ಶುರುವಾದರೆ ಬೇಸಿಗೆ ಹತ್ತಿರ ಬರೋವರೆಗೂ ಸಮೀರವಾಡಿ ಕಡೆಯ ರಸ್ತೆ ಇರಲಿ, ಮುಧೋಳದ ರಸ್ತೆ ಇರಲಿ, ಕಬ್ಬಿನ ಟ್ರ್ಯಾಕ್ಟರ್ ಎಬ್ಬಿಸುವ ಧೂಳೇ ಧೂಳು. ಚೈನಿನ ಮೇಲೆ ದಪ್ಪ ಎಣ್ಣೆ ಇದ್ದರೆ ಈ ಧೂಳು ಅಂಟಿ ಸಾಣೆ ಹಿಡಿಯುವ ಹಿಟ್ಟಿನ ಹಾಗೆ ಕೆಲಸ ಮಾಡುತ್ತದೆ. ಗ್ಯಾರೇಜಿನಿಂದ ತಂದ ಸುಟ್ಟ ಆಯಿಲ್ ಸುರಿಯುವ ರೂಢಿ ನಮ್ಮಲ್ಲಿ ಬಹಳ. ಅದರೊಳಗೆ ಇಂಜಿನ್ನಿನ ಮಸಿ, ಕಬ್ಬಿಣದ ಪುಡಿ ಮೊದಲೇ ಇರುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ, ಒಣಗಿದ ಮೇಲೆ ಅಂಟಾಗುತ್ತದೆ. ಗ್ರೀಸ್ ಹಬ್ಬಿನ ಬೇರಿಂಗಿಗೆ ಸರಿ, ಚೈನಿಗಲ್ಲ.

ಸರಿಯಾದ ಕ್ರಮ ಬಹಳ ಸರಳ. ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಳೇ ಅರಿವೆಯೊಳಗೆ ಚೈನು ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸುತ್ತ ಒರೆಸಬೇಕು. ಜಾಸ್ತಿ ಕೊಳೆ ಇದ್ದರೆ ಅರಿವೆಗೆ ಸ್ವಲ್ಪ ಡೀಸೆಲ್ ಅಥವಾ ಚಿಮಣಿ ಎಣ್ಣೆ ಹಚ್ಚಿಕೊಂಡರೆ ಸಾಕು. ಅದು ಆರಿದ ಮೇಲೆ ತೆಳುವಾದ ಎಣ್ಣೆ ಪ್ರತಿ ಕೊಂಡಿಗೆ ಒಂದೊಂದೇ ಹನಿ. ಹೊಲಿಗೆ ಮಷಿನ್ ಎಣ್ಣೆ ನಡೆಯುತ್ತದೆ, ಆದರೆ ಮಳೆಯಲ್ಲಿ ಬೇಗ ತೊಳೆದು ಹೋಗುತ್ತದೆ. ಹತ್ತು ನಿಮಿಷ ಬಿಟ್ಟು ಮೇಲಿನ ಎಣ್ಣೆಯನ್ನು ಮತ್ತೆ ಒರೆಸಿ ತೆಗೀಬೇಕು. ಎಣ್ಣೆ ಬೇಕಾಗಿರೋದು ಕೊಂಡಿಯ ಒಳಗೆ, ಹೊರಗೆ ಹೊಳೆಯೋದಕ್ಕಲ್ಲ. ಕಬ್ಬಿನ ಸೀಜನ್‌ನಲ್ಲಿ ವಾರಕ್ಕೊಮ್ಮೆ ಒರೆಸಬೇಕು. ಮಳೆಯಲ್ಲಿ ನೆನೆದ ದಿನ ಮನೆಗೆ ಬಂದ ಕೂಡಲೇ ಒರೆಸಿ ಎಣ್ಣೆ ಬಿಡಬೇಕು, ಇಲ್ಲದಿದ್ದರೆ ರಾತ್ರಿ ಬೆಳಗಾಗೋದರೊಳಗೆ ಕೆಂಪು ತುಕ್ಕು.

ಬದಲಿಸುವ ಸಮಯ ತಿಳಿಯಲು ಮೆಕ್ಯಾನಿಕ್ಕೇ ಬೇಕಂತಿಲ್ಲ, 12 ಇಂಚಿಗಿಂತ ಉದ್ದದ ಸ್ಟೀಲ್ ಪಟ್ಟಿ ಅಥವಾ ಸ್ಟೀಲ್ ಟೇಪು ಇದ್ದರೆ ಸಾಕು. ಬಟ್ಟೆ ಅಳೆಯುವ ಟೇಪಿನಿಂದ ಈ ಲೆಕ್ಕ ಸಿಗೋದಿಲ್ಲ. ಚೈನನ್ನು ಬಿಗಿಯಾಗಿ ಹಿಡಿದು ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಇಡಬೇಕು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಹೊಸ ಚೈನಿನಲ್ಲಿ 24ನೇ ಕೊಂಡಿ ಮುಗಿಯುವ ಪಿನ್ನಿನ ಮಧ್ಯಭಾಗ ಸರಿಯಾಗಿ 12 ಇಂಚಿಗೆ ಕೂರುತ್ತದೆ. ಅದು ಗೆರೆ ದಾಟಿ ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಿಸುವ ಕಾಲ ಬಂತು. ಎಂಟನೇ ಒಂದು ಭಾಗ ದಾಟಿದ್ದರೆ ಫ್ರೀವೀಲ್ ಕೂಡ ಸವೆದಿರುತ್ತದೆ. ಆಗ ಹೊಸ ಚೈನು ಮಾತ್ರ ಹಾಕಿದರೆ ಹಳೇ ಹಲ್ಲಿಗೆ ಕೂರದೆ ಜಿಗಿಯುತ್ತದೆ. ‘ಹೊಸಾ ಚೈನೇ ಖೋಟಿ ಕೊಟ್ಟಾನ’ ಅಂತ ಅಂಗಡಿಯವರ ಜೊತೆ ಜಗಳ ಆಗೋದು ಹೆಚ್ಚಾಗಿ ಇಲ್ಲೇ.

ಅಂಗಡಿಯವರು ಗಮನಿಸಬೇಕಾದ ಇನ್ನೊಂದು ಮಾತು. ಗೇರ್ ಇಲ್ಲದ ಸೈಕಲ್ಲಿನ ಚೈನು ಒಳಗಡೆ ಇಂಚಿನ 8ನೇ ಒಂದು ಭಾಗ ಅಗಲ. ಗೇರ್ ಸೈಕಲ್ಲಿನದು ಅದಕ್ಕಿಂತ ಕಿರಿದು, ಸಾದಾ ಸೈಕಲ್ಲಿನ ದಪ್ಪ ಹಲ್ಲಿಗೆ ಅದು ಇಳಿಯೋದಿಲ್ಲ. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟರೆ ಗಿರಾಕಿ ವಾಪಸ್ ಬರೋದು ಗ್ಯಾರಂಟಿ.

ಚೈನು ಜೋಡಿಸುವಾಗ ಲಾಕಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು, ಸೀಳು ಇರುವ ತುದಿ ಹಿಂದಕ್ಕೆ. ಉಲ್ಟಾ ಹಾಕಿದರೆ ಎಲ್ಲೋ ತಾಗಿ ಲಾಕು ಹಾರಿಹೋಗುತ್ತದೆ. ಬಿಗಿ ಎಷ್ಟಿರಬೇಕು ಅಂದ್ರೆ, ಕೆಳಗಿನ ಚೈನನ್ನು ನಡುವೆ ಬೆರಳಿನಿಂದ ಎತ್ತಿ ಇಳಿಸಿದಾಗ ಅರ್ಧ ಇಂಚಿನಷ್ಟು ಆಡಬೇಕು. ಹಲ್ಲುಚಕ್ರ ಪೂರ್ತಿ ದುಂಡಗೆ ಇರೋದಿಲ್ಲ, ಹಂಗಾಗಿ ಪೆಡಲ್ ತಿರುಗಿಸುತ್ತ ಎಲ್ಲಿ ಅತಿ ಬಿಗಿಯೋ ಅಲ್ಲಿ ನೋಡಬೇಕು. ತಂತಿಯಂತೆ ಬಿಗಿ ಮಾಡಿದರೆ ಬೇರಿಂಗು ಹಾಳು, ಸಡಿಲ ಬಿಟ್ಟರೆ ಚೈನು ಕಳಚುತ್ತದೆ. ಹಿಂದಿನ ಗಾಲಿ ಎಳೆದು ಬಿಗಿ ಮಾಡಿದ ಮೇಲೆ ಬ್ರೇಕ್ ರಬ್ಬರ್ ರಿಮ್ಮಿಗೆ ಸರಿಯಾಗಿ ತಾಗುತ್ತಿದೆಯೋ ಇಲ್ಲವೋ ನೋಡೋದನ್ನು ಎಷ್ಟೋ ಮಂದಿ ಮರೆಯುತ್ತಾರೆ.

ತುಳಿದಾಗ ಪ್ರತಿ ಸುತ್ತಿಗೂ ‘ಟಕ್’ ಅಂದರೆ ಅದು ಚೈನಲ್ಲ, ಬಹುಪಾಲು ಕಾಟರ್ ಪಿನ್ ಸಡಿಲ. ಹಾಗೇ ಓಡಿಸಿದರೆ ಕ್ರ್ಯಾಂಕಿನ ತೂತೇ ದೊಡ್ಡದಾಗುತ್ತದೆ. ಪೆಡಲ್ ಒಮ್ಮೊಮ್ಮೆ ಹಿಡಿಯದೆ ಮುಂದಕ್ಕೆ ಸುಮ್ಮನೆ ತಿರುಗಿದರೆ ಫ್ರೀವೀಲಿನ ಒಳಗಿನ ಕೊಂಡಿ ಕೊಳೆಯಿಂದ ಅಂಟಿದೆ ಅಂತ ಅರ್ಥ. ತೆಳು ಎಣ್ಣೆ ಬಿಟ್ಟು ನೋಡಬೇಕು, ಸರಿಹೋಗದಿದ್ದರೆ ಅದೇ ದಿನ ಬದಲಿಸಬೇಕು.

ಕಬ್ಬಿನ ಟ್ರ್ಯಾಕ್ಟರ್ ಇರುವ ರಸ್ತೆಯಲ್ಲಿ

ಟ್ರ್ಯಾಕ್ಟರ್ ಪಕ್ಕದಿಂದ ದಾಟಿತು ಅಂತ ಕೂಡಲೇ ರಸ್ತೆಗೆ ಏರಬಾರದು, ಹಿಂದೆ ಎರಡು ಟ್ರೇಲರ್ ಇರುತ್ತವೆ. ಹಿಂದಿನದು ಅತ್ತಿತ್ತ ಎಳೆಯುತ್ತ ಬರುತ್ತದೆ. ಶಾಲೆ ಬಿಟ್ಟ ಹೊತ್ತಿನಲ್ಲಿ ಹುಡುಗರು ಸೈಕಲ್ ಮೇಲಿಂದಲೇ ಕಬ್ಬು ಹಿರಿಯೋದು, ಟ್ರೇಲರ್ ಹಿಡಿದುಕೊಂಡು ಹೋಗೋದು ಮಾಡುತ್ತಾರೆ. ಮನೆಯವರು, ಮಾಸ್ತರರು ಇದನ್ನು ಗದರಿಸಿಯೇ ಬಿಡಿಸಬೇಕು.

ಸ್ಟೀಲ್ ರಿಮ್ಮು ನೆನೆದರೆ ಬ್ರೇಕ್ ಹಿಡಿಯೋದು ಬಹಳ ಕಡಿಮೆಯಾಗುತ್ತದೆ. ಮಳೆಯಲ್ಲಿ ಬಹಳ ಮೊದಲೇ ಬ್ರೇಕ್ ಹಿಡಿದು ರಿಮ್ಮಿನ ನೀರು ಒರೆಸಿಕೊಳ್ಳಬೇಕು. ಪಾಳಿ ಮುಗಿಸಿ ರಾತ್ರಿ ಮನೆಗೆ ಹೋಗುವ ನೇಕಾರರು ಹಿಂದಿನ ಮರ್ಗಾಡಿಗೆ ಕೆಂಪು ರಿಫ್ಲೆಕ್ಟರ್, ಮುಂದೆ ಒಂದು ಟಾರ್ಚ್ ಲೈಟು ಇಟ್ಟುಕೊಳ್ಳಬೇಕು. ಕ್ಯಾರಿಯರ್ ಮೇಲೆ ಗಂಟು ಹೇರಿದಾಗ ಅದೇ ರಿಫ್ಲೆಕ್ಟರ್ ಮುಚ್ಚಿಹೋಗುತ್ತದೆ. ಆಗ ಗಂಟಿನ ಹಿಂಬದಿಗೇ ಒಂದು ರೇಡಿಯಂ ಪಟ್ಟಿ ಹಚ್ಚಬೇಕು.