ಭೂಮಿ: ಗಣಕಯಂತ್ರಕ್ಕೆ ಬಂದ ಪಹಣಿ

ಕರ್ನಾಟಕದ ಜಮೀನು ದಾಖಲೆಗಳನ್ನು ಗಣಕಯಂತ್ರದ ಮೂಲಕ ನಿರ್ವಹಿಸುವ ಕಂದಾಯ ಇಲಾಖೆಯ ಯೋಜನೆಯೇ 'ಭೂಮಿ'. ಮಾಹಿತಿ ತಂತ್ರಜ್ಞಾನವನ್ನು ಆಡಳಿತಕ್ಕೆ ಅಳವಡಿಸಿದ ದೇಶದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಇದೂ ಒಂದು.

ಹಿನ್ನೆಲೆ

ಸರ್ವೆ ನಂಬರು, ವಿಸ್ತೀರ್ಣ, ಹಕ್ಕುದಾರರ ಹೆಸರು, ಬೆಳೆ, ಸಾಲ ಇವೆಲ್ಲವನ್ನೂ ಒಳಗೊಂಡ ದಾಖಲೆಯೇ ಪಹಣಿ. ಬೆಳೆಸಾಲಕ್ಕೂ, ಮಾರಾಟಕ್ಕೂ, ನ್ಯಾಯಾಲಯದಲ್ಲಿ ಜಾಮೀನು ನೀಡುವುದಕ್ಕೂ ಇದು ಬೇಕು. ಹಿಂದೆ ಈ ಪುಸ್ತಕ ಗ್ರಾಮಲೆಕ್ಕಿಗರ ವಶದಲ್ಲಿರುತ್ತಿತ್ತು. ನಕಲು ಪಡೆಯಲು ರೈತ ಅವರನ್ನೇ ಹುಡುಕಿಕೊಂಡು ಅಲೆಯಬೇಕಾಗಿತ್ತು. ತಿದ್ದುಪಡಿ, ಲಂಚದ ದೂರುಗಳಿಗೂ ಕೊರತೆಯಿರಲಿಲ್ಲ.

ಬದಲಾವಣೆ

2000ದ ದಶಕದ ಆರಂಭದಲ್ಲಿ, ಆಗಿದ್ದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಲಾಯಿತು. ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು. ಆರಂಭದಲ್ಲಿ 15 ರೂಪಾಯಿ ಶುಲ್ಕ ತೆತ್ತರೆ ತಾಲ್ಲೂಕು ಕಚೇರಿಯಲ್ಲೇ ನಕಲು ಸಿಗತೊಡಗಿತು. ಸಿಬ್ಬಂದಿ ಬೆರಳಚ್ಚು ನೀಡದೆ ದಾಖಲೆ ತಿದ್ದುವಂತಿಲ್ಲ. ಯಾರು ತಿದ್ದಿದರೆಂಬುದು ದಾಖಲಾಗುತ್ತದೆ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವ ವ್ಯವಸ್ಥೆಯೂ ಜಾರಿಗೆ ಬಂತು. ಮುಂದೆ ನೋಂದಣಿ ಇಲಾಖೆಯ 'ಕಾವೇರಿ' ತಂತ್ರಾಂಶದೊಂದಿಗೆ ಇದನ್ನು ಜೋಡಿಸಲಾಯಿತು. ಈಗ ಪಹಣಿಯನ್ನು ಅಂತರಜಾಲದಲ್ಲೂ ಪಡೆಯಬಹುದು.

ಮಿತಿ

ಗಣಕಯಂತ್ರ ನಕಲನ್ನು ಬೇಗ ನೀಡುತ್ತದೆಯೇ ಹೊರತು, ಹಳೆಯ ಪುಸ್ತಕದ ತಪ್ಪನ್ನು ತಾನಾಗಿ ತಿದ್ದುವುದಿಲ್ಲ. ಕಾಲವಾದ ತಂದೆ ಅಥವಾ ಅಜ್ಜನ ಹೆಸರಿನಲ್ಲೇ ಉಳಿದ ಖಾತೆಗಳು ಇಂದಿಗೂ ಹೇರಳ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 133ನೇ ಕಲಮಿನಂತೆ, ವಿರುದ್ಧವಾದುದು ಸಾಬೀತಾಗುವವರೆಗೆ ಪಹಣಿಯ ನಮೂದನ್ನು ಸತ್ಯವೆಂದೇ ಭಾವಿಸಲಾಗುತ್ತದೆ. ಆದ್ದರಿಂದ ತಪ್ಪಾದ ಒಂದು ನಮೂದಿನ ಹೊರೆ ಬೀಳುವುದು ಉಳುವವನ ಮೇಲೆ. ಹೆಸರು ಹೊಂದದಿದ್ದರೆ ಬ್ಯಾಂಕಿನ ಸಾಲವೂ, ಬೆಳೆನಷ್ಟದ ಪರಿಹಾರವೂ ಕೈತಪ್ಪಬಹುದು.

ಗಮನಿಸಬೇಕಾದುದು

ಊರು ಬಿಟ್ಟು ನಗರ ಸೇರಿದವರೂ ಪಿತ್ರಾರ್ಜಿತ ಜಮೀನಿನ ಪಹಣಿಯನ್ನು ಆಗಾಗ ಪರಿಶೀಲಿಸುವುದು ಒಳಿತು. ಹೆಸರು ಮತ್ತು ವಿಸ್ತೀರ್ಣ ಸರಿಯಿದೆಯೇ, ತೀರಿದ ಸಾಲದ ನಮೂದು ಹಾಗೆಯೇ ಉಳಿದಿದೆಯೇ ಎಂಬುದನ್ನು ನೋಡಬೇಕು. ಹಕ್ಕುದಾರರು ಮೃತಪಟ್ಟಿದ್ದರೆ ವಾರಸುದಾರರು ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ಪೌತಿ ಖಾತೆಗೆ ಅರ್ಜಿ ಸಲ್ಲಿಸಬೇಕು. ಖಾತೆ ಬದಲಾವಣೆಯ ಆದೇಶಕ್ಕೆ ಆಕ್ಷೇಪವಿದ್ದಲ್ಲಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಮಾಲೀಕತ್ವವೇ ವಿವಾದದಲ್ಲಿದ್ದರೆ ತೀರ್ಮಾನ ಸಿವಿಲ್ ನ್ಯಾಯಾಲಯದ್ದು.