ನೀರಿಗೊಂದು ದಾರಿ

1990ರ ಸುಮಾರಿಗೆ ತುರುವೇಕೆರೆ ಕಡೆಯ ವಿದ್ಯಾರ್ಥಿಯೊಬ್ಬ ಬೆಳಗಾದರೆ ತಲೆನೋವು, ವಾಂತಿ ಎನ್ನುತ್ತಿದ್ದ. ಶಾಲೆ ತಪ್ಪಿಸುವ ನೆಪವೆಂದು ನಾನು ಗದರಿಸಿದ್ದೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದಾಗ ತಿಳಿಯಿತು: ಕಿರುಮೆದುಳಿನ ಕ್ಯಾನ್ಸರ್ ಗಡ್ಡೆಯೊಂದು ಮೆದುಳಿನ ನೀರಿನ ದಾರಿಯನ್ನೇ ಕಟ್ಟಿತ್ತು. ಎಳನೀರಿಗಿಂತ ತಿಳಿಯಾದ ಆ ದ್ರವ ದಿನಕ್ಕೆ ಸುಮಾರು ಅರ್ಧ ಲೀಟರ್ ಊರುತ್ತದೆ. ಹೊರದಾರಿ ಮುಚ್ಚಿದರೆ ಒತ್ತಡವೇರಿ ದೃಷ್ಟಿ ಹೋಗಬಹುದು, ಪ್ರಾಣವೂ ಹೋಗಬಹುದು.

ಈ ನೀರನ್ನು ಹೊರಸಾಗಿಸುವ ಕವಾಟವೊಂದನ್ನು 1956ರಲ್ಲಿ ಫಿಲಡೆಲ್ಫಿಯಾದಲ್ಲಿ ರೂಪಿಸಿದವನು ವೈದ್ಯನಲ್ಲ. ತಲೆಯಲ್ಲಿ ನೀರು ತುಂಬಿದ್ದ ಮಗುವಿನ ತಂದೆ, ಯಂತ್ರಕುಶಲಿ ಜಾನ್ ಹಾಲ್ಟರ್. ಆಮದಿನ ಕವಾಟ ನಮ್ಮವರಿಗೆ ದುಬಾರಿ. ದೆಹಲಿಯ ಏಮ್ಸ್‌ನ ಡಾ. ಪುರುಷೋತ್ತಮ ಉಪಾಧ್ಯಾಯರು ಅಗ್ಗದ ದೇಶೀ ಕವಾಟ ರೂಪಿಸಿದರು. ಈಗಂತೂ ಗಡ್ಡೆ ತೆಗೆದ ಮೇಲೆ ಅನೇಕ ಮಕ್ಕಳಿಗೆ ಕೊಳವೆಯೇ ಬೇಕಾಗುವುದಿಲ್ಲ.

ಮರುವರ್ಷ ಹುಡುಗ ತರಗತಿಗೆ ಬಂದ. ಕಿವಿಯ ಹಿಂದೆ, ಚರ್ಮದಡಿಯಲ್ಲಿ ಹೊಟ್ಟೆಗಿಳಿದ ಕೊಳವೆ ಬೆರಳಿಗೆ ತಗಲುತ್ತಿತ್ತು.