ಪೀಕೊ ದ್ವೀಪದ ಕಾವಲುಗಾರರು

ತಿಮಿಂಗಿಲ ನೋಡಲೆಂದೇ ರಜೆ ಹಾಕಿ ಹೊರಡುವವರಿದ್ದಾರೆಂದರೆ ನಮ್ಮ ವಾಚಕರು ನಕ್ಕಾರು. ನಮ್ಮ ಎಲ್.ಟಿ.ಸಿ. ಅಷ್ಟು ದೂರಕ್ಕೆ ಸಲ್ಲದು, ಆ ಮಾತು ಬೇರೆ. ಅಟ್ಲಾಂಟಿಕ್ ಸಾಗರದ ನಡುವೆ ಪೋರ್ಚುಗಲ್ಲಿಗೆ ಸೇರಿದ ಅಜೋರ್ಸ್ ಎಂಬ ಒಂಬತ್ತು ದ್ವೀಪಗಳಲ್ಲಿ ಇಂದು ಇದೊಂದು ಕಸುಬೇ ಆಗಿದೆ. ಅದರ ಹಿಂದಿನ ಚರಿತ್ರೆ ಮಾತ್ರ ನಗುವಂಥದಲ್ಲ.

ಈ ದ್ವೀಪಗಳು ಜ್ವಾಲಾಮುಖಿಗಳಿಂದ ಹುಟ್ಟಿದವು. ಪೀಕೊ ದ್ವೀಪದ ಬೆಟ್ಟ 2351 ಮೀಟರ್ ಎತ್ತರ. ಪೋರ್ಚುಗಲ್ಲಿನಲ್ಲೇ ಅದಕ್ಕಿಂತ ಎತ್ತರದ ಶಿಖರವಿಲ್ಲ. ಸಾಗರದ ತಳದಿಂದ ಕಡಿದಾಗಿ ಎದ್ದ ಇಂಥ ನೆಲಕ್ಕೆ ನಮ್ಮ ಪಶ್ಚಿಮ ಕರಾವಳಿಯಂತೆ ಆಳವಿಲ್ಲದ ಅಗಲವಾದ ಅಂಚಿಲ್ಲ. ದಡ ಬಿಟ್ಟು ಕೆಲವೇ ಮೈಲಿಗೆ ಸಾವಿರ ಮೀಟರ್ ಆಳ. ಅಷ್ಟು ಆಳಕ್ಕೆ ಮುಳುಗಿ ಸ್ಕ್ವಿಡ್ ತಿನ್ನುವ ಸ್ಪರ್ಮ್ ತಿಮಿಂಗಿಲ ಹೀಗಾಗಿ ಊರಿನ ಅಂಗಳಕ್ಕೇ ಬಂದಂತೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಬೇಟೆ ಹಡಗುಗಳು ಇಲ್ಲಿ ತಂಗಿ ಆಳುಗಳನ್ನು ಹತ್ತಿಸಿಕೊಳ್ಳುತ್ತಿದ್ದವು. 1851ರ ‘ಮೊಬಿ ಡಿಕ್’ ಕಾದಂಬರಿಯಲ್ಲೂ ಇವರ ಪ್ರಸ್ತಾಪವುಂಟು. ಹೊಟ್ಟೆಪಾಡಿಗೆ ಊರು ಬಿಟ್ಟವರು (ನಮ್ಮಂತೆಯೇ!) ಮರಳುವಾಗ ಆ ವಿದ್ಯೆಯನ್ನು ತಂದರು. ಗುಡ್ಡದ ತುದಿಯ ಪುಟ್ಟ ಗೂಡಿನಲ್ಲಿ ‘ವಿಜಿಯಾ’ ಎಂಬ ಕಾವಲುಗಾರ ದುರ್ಬೀನು ಹಿಡಿದು ಕೂರುತ್ತಿದ್ದ. ಎಡಕ್ಕೆ ಓರೆಯಾಗಿ ಚಿಮ್ಮುವ ಉಸಿರು ಕಂಡೊಡನೆ ಬಾಣಬಿರುಸು ಹಾರಿಸುತ್ತಿದ್ದ. ಹೊಲದಲ್ಲಿದ್ದವರು ಗುದ್ದಲಿ ಬಿಸುಟು ದಡಕ್ಕೆ ಓಡುವರು. ತೆರೆದ ದೋಣಿಯಲ್ಲಿ ಏಳು ಜನ, ಕೈಯಿಂದ ಎಸೆಯುವ ಈಟಿ. ಎಣ್ಣೆಗಾಗಿ ಪ್ರಾಣದ ಹಂಗು ತೊರೆದ ದುಡಿಮೆ. ಆ ಕಾವಲಿನ ಕಣ್ಣು ಎಂಥದೆಂದರೆ, 1957ರ ಸೆಪ್ಟೆಂಬರಿನಲ್ಲಿ ನೆರೆಯ ಫಯಾಲ್ ದ್ವೀಪದ ಬಳಿ ಸಮುದ್ರ ಕುದಿಯುತ್ತಿರುವುದನ್ನು ಮೊದಲು ಕಂಡವರೂ ಇವರೇ. ಹದಿಮೂರು ತಿಂಗಳು ಉರಿದ ಆ ಜ್ವಾಲಾಮುಖಿ ಮತ್ತೆ ಎಷ್ಟೋ ಸಂಸಾರಗಳನ್ನು ಅಮೆರಿಕಕ್ಕೆ ಅಟ್ಟಿತು.

ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ 1982ರಲ್ಲಿ ವಾಣಿಜ್ಯ ಬೇಟೆಯನ್ನು ತಡೆಯಲು ನಿರ್ಧರಿಸಿತು. ಅಜೋರ್ಸಿನಲ್ಲಿ ಕೊನೆಯ ಬೇಟೆ ನಡೆದದ್ದು 1987ರಲ್ಲಿ. ಬೇಟೆ ನಿಂತದ್ದು ಸರಿಯೇ. ಆ ಪ್ರಾಣಿಯ ಮೇಲಿನ ಕರುಣೆ ನಮಗೂ ಇದೆ. ಆದರೆ ಐವತ್ತು ದಾಟಿದ ಬೇಟೆಗಾರ ಅಂದು ಸಂಜೆ ಮನೆಗೆ ಹೋಗಿ ಏನೆಂದಿದ್ದಾನು ಎಂಬ ಯೋಚನೆ, ತಿಂಗಳ ಸಂಬಳ ನಂಬಿದ ನಮ್ಮಂಥ ಗುಮಾಸ್ತರನ್ನು ಬಿಡುವುದಿಲ್ಲ.

ಕೆಲವೇ ವರ್ಷಗಳಲ್ಲಿ ಪ್ರವಾಸಿಗರ ದೋಣಿಗಳು ಬಂದವು. ಜೀವಶಾಸ್ತ್ರ ಓದಿದ ಮಾರ್ಗದರ್ಶಕರು ನೀರಿಗೆ ಮೈಕ್ ಇಳಿಬಿಟ್ಟು ತಿಮಿಂಗಿಲದ ಟಿಕ್ ಟಿಕ್ ಸದ್ದು ಕೇಳಿಸುತ್ತಾರೆ, ಬಾಲದ ಅಂಚಿನ ಗುರುತಿನಿಂದ ಒಂದೊಂದನ್ನೂ ಬೇರೆ ಬೇರೆಯಾಗಿ ತಿಳಿಯುತ್ತಾರೆ. ಆದರೆ ಯಾವ ದಿಕ್ಕಿಗೆ ಹೋಗಬೇಕೆಂದು ಹೇಳುವವನು ಗುಡ್ಡದ ಮೇಲಿನ ಅದೇ ವಿಜಿಯಾ. ಬೇಟೆಯ ಕಾಲದಲ್ಲಿ ಪಳಗಿದ ಕಣ್ಣುಗಳೇ ಮೊದಲು ಈ ಕೆಲಸಕ್ಕೆ ಒದಗಿದವು. ಬಾಣಬಿರುಸಿನ ಬದಲು ರೇಡಿಯೋ, ಅಷ್ಟೆ. ತಿಮಿಂಗಿಲ ಬಾಲವೆತ್ತಿ ಮುಳುಗಿದರೆ ಮತ್ತೆ ಏಳಲು ಮುಕ್ಕಾಲು ಗಂಟೆಯೂ ಆದೀತು. ಹಾಗೆ ಸುಮ್ಮನೆ ಕಾಯುವುದಕ್ಕೆ ಈಗ ಜನ ದುಡ್ಡು ಕೊಡುತ್ತಾರೆ.